ಇಂಗ್ಲಿಷ್ ವ್ಯಾಕರಣದ ಟ್ಯೂಷನ್: ಧಾರವಾಡ ಸೀಮೆಯ ಕಲಿಯುವವರಿಗೆ ಕಲಿಸುವವರಿಗಾಗಿ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ–ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿರೆಂದು ಕೇಳಿಕೊಂಡು ಬರುವವರು ಹಲವು ಬಗೆಯವರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದೊಡನೆ ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲೇ ಎದುರಿಸಬೇಕಾದ ಹುಡುಗ ಹುಡುಗಿಯರು; ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬಂದು ಸಪ್ತಾಪುರದಲ್ಲಿ ರೂಮು ಹಿಡಿದು ಬ್ಯಾಂಕಿನ, ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿರುವವರು; ಆಸ್ಪತ್ರೆಯಲ್ಲೋ ಶೋರೂಮಿನಲ್ಲೋ ಕೆಲಸಕ್ಕಿದ್ದು ಬಡ್ತಿಗಾಗಿ ಇಂಗ್ಲಿಷ್ ಬೇಕಾದವರು; ಮಗುವಿನ ಶಾಲಾ ಡೈರಿಗೆ ತಾವೇ ಉತ್ತರ ಬರೆಯಬೇಕೆನ್ನುವ ತಾಯಂದಿರು. ಇವರಲ್ಲಿ ಹೆಚ್ಚಿನವರು ಹನ್ನೆರಡು ಟೆನ್ಸುಗಳ ಪಟ್ಟಿಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ಆಗಿರುತ್ತಾರೆ. ಆದರೂ ನಿನ್ನೆ ಏನು ಮಾಡಿದಿರಿ ಎಂದು ಕೇಳಿದರೆ ಮೂರು ಸರಿಯಾದ ವಾಕ್ಯಗಳನ್ನು ಜೋಡಿಸಲು ಅವರಿಗೆ ಸಾಧ್ಯವಾಗುವುದಿಲ್ಲ. ಅದೇ ಪಟ್ಟಿಯನ್ನು ಇನ್ನೊಮ್ಮೆ ಕಲಿಸುವುದರಿಂದ ಅವರಿಗೆ ಹೊಸದೇನೂ ದಕ್ಕುವುದಿಲ್ಲ.

ಈ ಮಾರ್ಗದರ್ಶಿ ಒಂದು ದೃಢವಾದ ಅಭಿಪ್ರಾಯದ ಮೇಲೆ ನಿಂತಿದೆ. ಕಲಿಯುವವರ ತಪ್ಪುಗಳಲ್ಲಿ ದೊಡ್ಡ ಪಾಲು ಅಜ್ಞಾನದಿಂದ ಹುಟ್ಟಿದ್ದಲ್ಲ. ಅವರೊಳಗಿನ ಕನ್ನಡದ ವ್ಯಾಕರಣ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿರುವುದರಿಂದ ಹುಟ್ಟಿದ್ದು. ಆದ್ದರಿಂದ ಕಲಿಸುವವರು ಇಂಗ್ಲಿಷ್ ವ್ಯಾಕರಣವನ್ನು ತಿಳಿದಷ್ಟೇ ಎಚ್ಚರದಿಂದ ಕಲಿಯುವವರ ಮನೆಮಾತನ್ನೂ ತಿಳಿದಿರಬೇಕು. ನಮ್ಮ ಕಡೆಯ ಕನ್ನಡ ಈ ಕೆಲಸದಲ್ಲಿ ಕೊಡುವ ಸಹಾಯ ಬಹಳ ದೊಡ್ಡದು, ಮತ್ತು ಅದನ್ನು ಬಳಸಿಕೊಳ್ಳುವವರು ತೀರ ಕಡಿಮೆ.

ಮೊದಲ ಭೇಟಿ: ಮಾತಿನ ಮಾದರಿ ಸಂಗ್ರಹಿಸುವುದು

ಮೊದಲ ದಿನ ಪ್ರಶ್ನೆಪತ್ರಿಕೆ ಕೊಡಬೇಡಿ. ಬಿಟ್ಟ ಸ್ಥಳ ತುಂಬುವ ಪರೀಕ್ಷೆಯಲ್ಲಿ ಎಂಬತ್ತು ಅಂಕ ಪಡೆಯುವವರು ಮಾತಿನಲ್ಲಿ ತಡವರಿಸುವುದು ಸಾಮಾನ್ಯ. ಅದರ ಬದಲು, ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಐದಾರು ನಿಮಿಷದ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ದಿನಚರಿಯ ಬಗ್ಗೆ, ಕಳೆದ ಹಬ್ಬದಲ್ಲಿ ಊರಿಗೆ ಹೋದಾಗ ನಡೆದದ್ದರ ಬಗ್ಗೆ, ಮುಂದಿನ ವಾರ ಮಾಡಬೇಕೆಂದಿರುವುದರ ಬಗ್ಗೆ ಮಾತನಾಡಿಸಿದರೆ ಮೂರು ಕಾಲಗಳೂ ತಾವಾಗಿ ಹೊರಬರುತ್ತವೆ. ಬಳಿಕ ಕಲಿಯುವವರೇ ನಿಮಗೆ ಐದು ಪ್ರಶ್ನೆ ಕೇಳಲಿ. ಬಹಳ ಜನ ಶಿಕ್ಷಕರು ಬಿಟ್ಟುಬಿಡುವ ಭಾಗ ಇದು. ಟ್ಯೂಷನ್ನಿನಲ್ಲಿ ಪ್ರಶ್ನೆ ಕೇಳುವವರು ಯಾವಾಗಲೂ ಶಿಕ್ಷಕರೇ ಆಗಿರುವುದರಿಂದ, ಪ್ರಶ್ನೆ ಕಟ್ಟಲು ಬಾರದಿರುವುದು ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಕೊನೆಗೆ ಹತ್ತು ಸಾಲು ಬರೆಸಿಕೊಳ್ಳಿ. ಆ ದಿನ ಯಾವುದನ್ನೂ ತಿದ್ದಬೇಡಿ.

ಮನೆಗೆ ಹೋದ ಮೇಲೆ ಆ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡು ತಪ್ಪುಗಳನ್ನು ಗುರುತಿಸಿ. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ತೋರಿಸಿಕೊಟ್ಟ ಒಂದು ಭೇದ ಇಲ್ಲಿ ಬಹಳ ಉಪಯುಕ್ತ: ಗೊತ್ತಿದ್ದೂ ಬಾಯಿತಪ್ಪಿ ಆಗುವ ತಪ್ಪು ಬೇರೆ, ಕಲಿಯುವವರ ಮನಸ್ಸಿನಲ್ಲಿರುವ ನಿಯಮವೇ ಬೇರೆಯಾಗಿರುವುದರಿಂದ ಆಗುವ ತಪ್ಪು ಬೇರೆ. ಇವೆರಡನ್ನು ಬೇರ್ಪಡಿಸಲು ಎರಡನೆಯ ಭೇಟಿಯಲ್ಲಿ ಅವರದೇ ವಾಕ್ಯವನ್ನು ಅವರ ಮುಂದಿಟ್ಟು ನೋಡಿ. ತಾವೇ ತಿದ್ದಿಕೊಂಡರೆ ಅದು ಬಾಯಿತಪ್ಪು, ಅದಕ್ಕೆ ಪಾಠ ಬೇಡ. ವಾಕ್ಯ ಸರಿಯಾಗಿದೆ ಎಂದೇ ಅವರು ಹೇಳಿದರೆ ಅಲ್ಲಿ ಪಾಠ ಬೇಕು. ಹೀಗೆ ಉಳಿದವುಗಳಲ್ಲಿ ಹೆಚ್ಚು ಸಲ ಬಂದ, ಅರ್ಥಕ್ಕೆ ಹೆಚ್ಚು ತೊಡಕಾದ ಎರಡನ್ನೋ ಮೂರನ್ನೋ ಮಾತ್ರ ಮೊದಲ ತಿಂಗಳಿಗೆ ಆರಿಸಿಕೊಳ್ಳಿ.

'ಅದೀನಿ' ಇದ್ದರೆ 'ಆಮ್'

ಆರಂಭದ ಹಂತದಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪುಗಳು ಎರಡು, ಮತ್ತು ಅವು ಒಂದಕ್ಕೊಂದು ವಿರುದ್ಧವಾದವು. 'ಹೀ ಡಾಕ್ಟರ್' ಎಂದು ಕ್ರಿಯಾಪದವನ್ನೇ ಬಿಡುವುದು ಒಂದು. 'ಐ ಆಮ್ ಗೋ ಡೈಲಿ' ಎಂದು ಬೇಡದ ಕಡೆ 'ಆಮ್' ಸೇರಿಸುವುದು ಇನ್ನೊಂದು. ಗ್ರಂಥಸ್ಥ ಕನ್ನಡದಲ್ಲಿ 'ಅವನು ವೈದ್ಯ' ಎಂಬುದು ಕ್ರಿಯಾಪದವಿಲ್ಲದೆಯೇ ಪೂರ್ಣ ವಾಕ್ಯವಾದ್ದರಿಂದ ಮೊದಲನೆಯದು ಸಹಜ. 'ಐ' ಬಂದಲ್ಲೆಲ್ಲ 'ಆಮ್' ಅದರ ಬಾಲವೆಂದು ತಿಳಿದುಕೊಂಡಿರುವುದು ಎರಡನೆಯದಕ್ಕೆ ಕಾರಣ.

ಇವೆರಡಕ್ಕೂ ನಮ್ಮ ಮಾತಿನಲ್ಲಿಯೇ ಉತ್ತರವಿದೆ. ನಾವು 'ಅಂವ ಶ್ಯಾಣ್ಯಾ ಅದಾನ', 'ನಾ ಆರಾಮ ಅದೀನಿ', 'ಅವರು ಮನ್ಯಾಗ ಅದಾರ' ಎನ್ನುತ್ತೇವೆ. ಈ 'ಅದೀನಿ, ಅದಾನ, ಅದಾರ'ಗಳು ಕರ್ತೃವಿಗೆ ತಕ್ಕಂತೆ ರೂಪ ಬದಲಿಸುತ್ತವೆ. 'ಆಮ್, ಈಸ್, ಆರ್'ಗಳೂ ಹಾಗೆಯೇ ಬದಲಾಗುತ್ತವೆ. ಈ ಎರಡು ಸಾಲುಗಳನ್ನು ಅಕ್ಕಪಕ್ಕದಲ್ಲಿ ಬರೆಸಿ. ನಂತರ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಮನೆಯಲ್ಲಿ ಇದನ್ನು ಹೇಳುವಾಗ 'ಅದೀನಿ' ಬರುತ್ತದೆಯೇ? 'ನಾ ದಿನಾ ಹೋಗ್ತೀನಿ' ಎಂಬುದರಲ್ಲಿ 'ಅದೀನಿ' ಇಲ್ಲ. ಹಾಗಾಗಿ 'ಐ ಗೋ ಡೈಲಿ' ಎಂಬುದರಲ್ಲಿ 'ಆಮ್' ಕೂಡ ಇಲ್ಲ.

'ಓದ್ತಾನ' ಮತ್ತು 'ಓದಾಕತ್ತಾನ'

ಸಿಂಪಲ್ ಪ್ರೆಸೆಂಟ್ ಮತ್ತು ಪ್ರೆಸೆಂಟ್ ಕಂಟಿನ್ಯುಯಸ್ ನಡುವಿನ ಗೊಂದಲಕ್ಕೆ ವ್ಯಾಖ್ಯೆಗಳನ್ನು ಹೇಳುವ ಮೊದಲು, ಕಲಿಯುವವರು ಆ ವಾಕ್ಯವನ್ನು ಮನೆಯಲ್ಲಿ ಹೇಗೆ ಹೇಳುತ್ತಾರೆಂದು ಕೇಳಿ. 'ಅಂವ ದಿನಾ ಓದ್ತಾನ' ಎಂಬುದಕ್ಕೆ 'ಹೀ ರೀಡ್ಸ್ ಡೈಲಿ'. 'ಅಂವ ಈಗ ಓದಾಕತ್ತಾನ' ಎಂಬುದಕ್ಕೆ 'ಹೀ ಈಸ್ ರೀಡಿಂಗ್ ನೌ'. ಕೆಲವರ ಮನೆಯಲ್ಲಿ 'ಓದ್ಲಿಕ್ಹತ್ತಾನ' ಎನ್ನಬಹುದು, ಕೆಲಸ ಒಂದೇ. ರೂಢಿಯ ಕ್ರಿಯೆಗೂ ನಡೆಯುತ್ತಿರುವ ಕ್ರಿಯೆಗೂ ಇರುವ ಭೇದವನ್ನು ಮೂರು ವರ್ಷದ ಮಗುವೂ ನಮ್ಮಲ್ಲಿ ತಪ್ಪದೆ ಮಾಡುತ್ತದೆ. ಆ ಭೇದವನ್ನು ಹೊಸದಾಗಿ ಕಲಿಸುವ ಅಗತ್ಯವಿಲ್ಲ, ಅದಕ್ಕೆ ಇಂಗ್ಲಿಷಿನ ರೂಪವನ್ನು ತೊಡಿಸಿದರೆ ಸಾಕು.

'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್', 'ಐ ಆಮ್ ನೋಯಿಂಗ್ ಹಿಮ್' ಮುಂತಾದವಕ್ಕೂ ಇದೇ ಒರೆಗಲ್ಲು ನಡೆಯುತ್ತದೆ. 'ನನಗ ಇಬ್ರು ಅಣ್ಣಂದಿರು ಇರಾಕತ್ತಾರ' ಎಂದು ಯಾರೂ ಹೇಳುವುದಿಲ್ಲ. 'ಬೇಕು', 'ಗೊತ್ತು', 'ಇಷ್ಟ' ಎಂಬ ಮಾತುಗಳೂ ಕನ್ನಡದಲ್ಲಿ 'ಆಕತ್ತ' ರೂಪವನ್ನು ಸುಲಭವಾಗಿ ಒಪ್ಪುವುದಿಲ್ಲ. ಅವಕ್ಕೆ ಸಮನಾದ 'ವಾಂಟ್', 'ನೋ', 'ಲೈಕ್'ಗಳೂ ಸಾಮಾನ್ಯವಾಗಿ 'ಇಂಗ್' ರೂಪ ತಾಳುವುದಿಲ್ಲ. ಈ ಹೋಲಿಕೆ ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. 'ತಿಳಿಯಾಕತ್ತೈತಿ' ಎನ್ನುವುದು ನಮ್ಮಲ್ಲಿ ಸರಿಯೇ, ಆದರೆ ಇಂಗ್ಲಿಷಿನಲ್ಲಿ 'ಐ ಅಂಡರ್‌ಸ್ಟ್ಯಾಂಡ್' ಎಂಬುದೇ ರೂಢಿ. 'ನಾಳೆ ಬರ್ತೀನಿ' ಎಂಬಲ್ಲಿ ವರ್ತಮಾನದ ರೂಪವೇ ಭವಿಷ್ಯವನ್ನೂ ಹೇಳುತ್ತದೆ. ಅದನ್ನು ಹಾಗೆಯೇ ತಿರುಗಿಸಿದರೆ 'ಐ ಕಮ್ ಟುಮಾರೋ' ಎಂಬ ತಪ್ಪಾಗುತ್ತದೆ. ಈ ಎರಡು ಅಪವಾದಗಳಿಗೆ ಒಂದೊಂದು ಪ್ರತ್ಯೇಕ ಅಭ್ಯಾಸ ಇಟ್ಟುಕೊಳ್ಳಿ.

'ಹೋಗಿದ್ದೆ' ಎಂದರೆ 'ಹ್ಯಾಡ್ ಗಾನ್' ಅಲ್ಲ

ವಿದ್ಯಾವಂತರೂ ಬಿಡದೆ ಮಾಡುವ ತಪ್ಪು ಇದು. 'ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ' ಎಂಬುದು 'ಐ ಹ್ಯಾಡ್ ಗಾನ್ ಟು ಹುಬ್ಬಳ್ಳಿ ಯೆಸ್ಟರ್ಡೇ' ಎಂದಾಗುತ್ತದೆ, ಏಕೆಂದರೆ ರೂಪದಿಂದ ರೂಪಕ್ಕೆ ನೋಡಿದರೆ ಅದು ಸರಿಯಾದ ಅನುವಾದದಂತೆಯೇ ಕಾಣುತ್ತದೆ. ಕನ್ನಡದ 'ಹೋಗಿದ್ದೆ' ಎಂಬುದರಲ್ಲಿ ಹೋಗಿ ಬಂದದ್ದೂ ಆಯಿತು ಎಂಬ ಅರ್ಥ ಸೇರಿಕೊಂಡಿರುತ್ತದೆ. ಇಂಗ್ಲಿಷಿನ ಪಾಸ್ಟ್ ಪರ್ಫೆಕ್ಟ್‌ಗೆ ಬೇಕಾದದ್ದು ಇನ್ನೊಂದು ಭೂತಕಾಲದ ಘಟನೆ. ಆದ್ದರಿಂದ 'ಹ್ಯಾಡ್' ಕೇಳಿಬಂದಾಗಲೆಲ್ಲ 'ಯಾವುದಕ್ಕಿಂತ ಮುಂಚೆ?' ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಉತ್ತರವಿಲ್ಲದಿದ್ದರೆ 'ಐ ವೆಂಟ್' ಸಾಕು. 'ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್' ಎಂಬಲ್ಲಿ ಉತ್ತರವಿದೆ: ನಾನು ಮುಟ್ಟುವುದಕ್ಕಿಂತ ಮುಂಚೆ. ಹತ್ತು ವಾಕ್ಯ ಕೊಟ್ಟು, ಅವುಗಳಲ್ಲಿ ಎಂಟಕ್ಕೆ 'ಹ್ಯಾಡ್' ಬೇಡದಂತೆ ರಚಿಸಿದ ಅಭ್ಯಾಸ ಇಲ್ಲಿ ಒಳ್ಳೆಯ ಫಲ ಕೊಡುತ್ತದೆ. ಪಠ್ಯಪುಸ್ತಕದ ಅಭ್ಯಾಸಗಳಲ್ಲಿ ಎಲ್ಲ ಹತ್ತಕ್ಕೂ ಒಂದೇ ರೂಪ ಉತ್ತರವಾಗಿರುವುದರಿಂದ, ಅದನ್ನು ಎಲ್ಲಿ ಬಳಸಬಾರದು ಎಂಬ ಅರಿವು ಬೆಳೆಯುವುದೇ ಇಲ್ಲ.

'ಇಂದ' ಎಂಬ ಪ್ರತ್ಯಯವೂ ಇಂಥದ್ದೇ ತೊಡಕು ತರುತ್ತದೆ. 'ಎರಡು ವರ್ಷದಿಂದ', 'ಸೋಮವಾರದಿಂದ' ಎರಡಕ್ಕೂ ನಮ್ಮಲ್ಲಿ ಒಂದೇ ಪ್ರತ್ಯಯವಿರುವುದರಿಂದ 'ಸಿನ್ಸ್ ಟೂ ಇಯರ್ಸ್' ಎಂಬ ಪ್ರಯೋಗ ಹುಟ್ಟುತ್ತದೆ. 'ಎಷ್ಟು ಕಾಲ?' ಎಂಬುದಕ್ಕೆ ಉತ್ತರವಾದರೆ 'ಫಾರ್', 'ಯಾವಾಗ ಶುರುವಾಯಿತು?' ಎಂಬುದಕ್ಕೆ ಉತ್ತರವಾದರೆ 'ಸಿನ್ಸ್'. ಜೊತೆಗೆ 'ಎರಡು ವರ್ಷದಿಂದ ಇಲ್ಲೇ ಅದೀನಿ' ಎಂಬಲ್ಲಿನ 'ಅದೀನಿ' ಮಾತ್ರ 'ಆಮ್' ಆಗದೆ 'ಹ್ಯಾವ್ ಬೀನ್' ಆಗುತ್ತದೆಂದು ಅದೇ ಪಾಠದಲ್ಲಿ ತೋರಿಸಿ, ಇಲ್ಲದಿದ್ದರೆ ಹಿಂದೆ ಕಲಿಸಿದ ಸೂತ್ರವೇ ಅಡ್ಡಬರುತ್ತದೆ.

ಪ್ರಶ್ನೆ ಮತ್ತು ನಿಷೇಧ

'ವೇರ್ ಯು ಆರ್ ಗೋಯಿಂಗ್?', 'ಡಿಡ್ ಯು ವೆಂಟ್?', 'ಐ ಡಿಡ್ನ್ಟ್ ವೆಂಟ್' ಎಂಬ ಮೂರಕ್ಕೂ ಒಂದೇ ಬೇರು: ಹೆಲ್ಪಿಂಗ್ ವರ್ಬಿನ ಕೆಲಸ ತಿಳಿಯದಿರುವುದು. ಕನ್ನಡದಲ್ಲಿ ಪ್ರಶ್ನೆಗಾಗಿ ವಾಕ್ಯದ ಪದಗಳು ಜಾಗ ಬದಲಿಸಬೇಕಿಲ್ಲ, ಕೊನೆಗೊಂದು 'ಏನು' ಸೇರಿದರೆ ಆಯಿತು. ಹೀಗಾಗಿ ಪದಗಳನ್ನು ಚೀಟಿಗಳ ಮೇಲೆ ಬರೆದು, ಮೇಜಿನ ಮೇಲೆ ಜೋಡಿಸಿ, ಕೈಯಿಂದಲೇ ಸರಿಸುವ ಅಭ್ಯಾಸ ಮಾಡಿಸಿ. 'ಯು ಆರ್ ಗೋಯಿಂಗ್' ಎಂಬ ಮೂರು ಚೀಟಿಗಳಲ್ಲಿ 'ಆರ್' ಮುಂದೆ ಬರುತ್ತದೆ, ಅದಕ್ಕೂ ಮುಂದೆ 'ವೇರ್' ಬರುತ್ತದೆ. 'ಯು ಲಿವ್ ಇನ್ ಧಾರವಾಡ' ಎಂಬಲ್ಲಿ ಸರಿಸಲು ಹೆಲ್ಪಿಂಗ್ ವರ್ಬ್ ಇಲ್ಲವಾದ್ದರಿಂದ 'ಡೂ' ಎಂಬ ಹೊಸ ಚೀಟಿಯನ್ನು ತರಬೇಕಾಗುತ್ತದೆ. ಇಷ್ಟನ್ನು ಕಣ್ಣಾರೆ ಕಂಡವರು ಅದನ್ನು ಮರೆಯುವುದು ಅಪರೂಪ.

ನಿಷೇಧಕ್ಕೆ ಕನ್ನಡವೇ ಆಸರೆ. 'ಹೋದೆ' ಎನ್ನುವುದನ್ನು ಅಲ್ಲಗಳೆಯುವಾಗ ನಾವು 'ಹೋಗಲಿಲ್ಲ' ಎನ್ನುತ್ತೇವೆ. 'ಹೋದ' ಎಂಬ ಭೂತಕಾಲದ ರೂಪ ಮಾಯವಾಗಿ 'ಹೋಗು' ಎಂಬ ಮೂಲ ಧಾತು ಮತ್ತೆ ಕಾಣಿಸಿಕೊಳ್ಳುತ್ತದೆ. 'ವೆಂಟ್' ಎಂಬುದು 'ಡಿಡ್ನ್ಟ್ ಗೋ' ಆಗುವುದೂ ಅದೇ ರೀತಿ. ಇದನ್ನು ತೋರಿಸಿದ ಮೇಲೆ 'ಡಿಡ್ನ್ಟ್ ವೆಂಟ್' ಎಂಬುದು ಏಕೆ ತಪ್ಪೆಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಆರ್ಟಿಕಲ್ ಮತ್ತು ಪ್ರಿಪೊಸಿಷನ್

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದರೆ ಗೊತ್ತಿರುವ ವಸ್ತು, ಗೊತ್ತಿಲ್ಲದ ವಸ್ತು ಎಂಬ ಭೇದ ಇದೆ. 'ಪುಸ್ತಕ ಓದಿದೆ' ಎಂದರೆ ಯಾವುದೋ ಪುಸ್ತಕ. 'ಪುಸ್ತಕವನ್ನು ಓದಿದೆ' ಎಂದರೆ ಮಾತನಾಡುವವರಿಗೂ ಕೇಳುವವರಿಗೂ ಗೊತ್ತಿರುವ ಪುಸ್ತಕವೆಂಬ ಧ್ವನಿ ಬರುತ್ತದೆ. ದ್ವಿತೀಯಾ ವಿಭಕ್ತಿ ಮಾಡುವ ಈ ಸೂಕ್ಷ್ಮ ಕೆಲಸವನ್ನು ಮೊದಲು ಗಮನಿಸುವಂತೆ ಮಾಡಿ, ಆಮೇಲೆ 'ಎ', 'ದ'ಗಳಿಗೆ ಬನ್ನಿ. ಕೇಳಬೇಕಾದ ಪ್ರಶ್ನೆ: ಯಾವುದೆಂದು ಕೇಳುವವರಿಗೆ ಗೊತ್ತಿದೆಯೇ? ಗೊತ್ತಿದ್ದರೆ 'ದ'; ಗೊತ್ತಿಲ್ಲದ, ಎಣಿಸಬಹುದಾದ ಒಂದೇ ವಸ್ತುವಾದರೆ 'ಎ'. 'ಆನ್ ಅವರ್', 'ಎ ಯೂನಿವರ್ಸಿಟಿ' ಎಂಬಲ್ಲಿ ಅಕ್ಷರಕ್ಕಿಂತ ಉಚ್ಚಾರವೇ ಮುಖ್ಯವೆಂದು ತಿಳಿಸಲು ಕರ್ನಾಟಕ ವಿಶ್ವವಿದ್ಯಾಲಯವಿರುವ ಊರಿನಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. ಆರ್ಟಿಕಲ್ ಪೂರ್ತಿ ಕೈವಶವಾಗಲು ವರ್ಷಗಳೇ ಬೇಕಾಗುವುದರಿಂದ ಬರವಣಿಗೆಯಲ್ಲಿ ಮಾತ್ರ ತಿದ್ದಿ, ಮಾತಿನಲ್ಲಿ ಬಿಟ್ಟುಬಿಡಿ.

ಸಪ್ತಮಿಯ 'ಅಲ್ಲಿ' ಒಂದೇ ಪ್ರತ್ಯಯ 'ಇನ್', 'ಆನ್', 'ಅಟ್' ಮೂರಕ್ಕೂ ಸಲ್ಲುವುದರಿಂದ, ಕಲಿಯುವವರಿಗೆ ಪರಿಚಿತವಾದ ಊರಿನ ನಕ್ಷೆಯನ್ನೇ ಬಿಡಿಸಿಸಿ. 'ಇನ್ ಧಾರವಾಡ', 'ಆನ್ ಪಿ.ಬಿ. ರೋಡ್', 'ಅಟ್ ಜುಬಿಲಿ ಸರ್ಕಲ್': ಪ್ರದೇಶ, ರಸ್ತೆ, ಬಿಂದು ಎಂದು ಜಾಗ ಕಿರಿದಾಗುತ್ತ ಹೋಗುತ್ತದೆ. ಕಾಲಕ್ಕೂ ಅದೇ ಕ್ರಮ: ತಿಂಗಳು, ವರ್ಷಕ್ಕೆ 'ಇನ್', ದಿನಕ್ಕೆ 'ಆನ್', ಗಳಿಗೆಗೆ 'ಅಟ್'. ಚಿಗರಿ ಬಸ್ಸಿನಲ್ಲಿ ಕುಳಿತವರು 'ಆನ್ ದ ಬಸ್' ಇರುತ್ತಾರೆ, ಕಾರಿನಲ್ಲಿ ಕುಳಿತವರು 'ಇನ್ ದ ಕಾರ್' ಇರುತ್ತಾರೆ ಎಂಬಂಥವನ್ನು ಹಾಗೆಯೇ ರೂಢಿ ಮಾಡಿಸಬೇಕು.

ಉಳಿದ ಕೆಲವನ್ನು ಬೇಗ ಮುಗಿಸಬಹುದು. ಸಂಖ್ಯೆಯ ಮುಂದೆ ಬಹುವಚನ ಬಿಡುವುದು, 'ನಮ್ಮ ಸರ್ ಬಂದ್ರು' ಎಂಬ ಗೌರವದ ಬಹುವಚನವನ್ನು 'ದೇ' ಎಂದು ತಿರುಗಿಸುವುದು, ಇವೆಲ್ಲ ಒಂದೆರಡು ಸಲ ತೋರಿಸಿದರೆ ಅರ್ಥವಾಗುತ್ತವೆ. ಕರ್ತೃ, ಕ್ರಿಯಾಪದ, ಕರ್ಮ ಎಂಬ ಪದಕ್ರಮವನ್ನು ತಪ್ಪುವವರು ನಿಜಕ್ಕೂ ಕಡಿಮೆ. ಅದಕ್ಕಾಗಿ ವಾರಗಟ್ಟಲೆ ವ್ಯಯಿಸುವುದು ವ್ಯರ್ಥ.

ಯಾವುದು ಮೊದಲು, ಯಾವುದು ಆಮೇಲೆ

'ಹೀ ಗೋಸ್' ಎಂಬಲ್ಲಿನ 'ಎಸ್' ಅನ್ನು ಮೊದಲ ವಾರದಲ್ಲೇ ಕಲಿಸಿ, ಮುಂದೆ ಅದನ್ನು ಬಿಟ್ಟಾಗಲೆಲ್ಲ ಗದರುವ ಶಿಕ್ಷಕರಿದ್ದಾರೆ. 1970ರ ದಶಕದಲ್ಲಿ ನಡೆದ ಅಧ್ಯಯನಗಳು ಬೇರೆ ಬೇರೆ ಮಾತೃಭಾಷೆಯ ಕಲಿಯುವವರಲ್ಲಿಯೂ 'ಇಂಗ್' ರೂಪ ಬೇಗ ನೆಲೆಯೂರುತ್ತದೆ, ಈ 'ಎಸ್' ತಡವಾಗಿ ನೆಲೆಯೂರುತ್ತದೆ ಎಂದು ತೋರಿಸಿವೆ. ನಿಯಮ ಸುಲಭ, ವಶವಾಗುವುದು ಕಷ್ಟ. ಅದಕ್ಕಾಗಿ ಕಲಿಯುವವರನ್ನು ನೋಯಿಸುವುದು ಅನ್ಯಾಯ. ನನ್ನ ಸಲಹೆಯ ಕ್ರಮ ಹೀಗಿದೆ: ಮೊದಲು 'ಆಮ್, ಈಸ್, ಆರ್', ನಂತರ ವರ್ತಮಾನದ ಎರಡು ರೂಪಗಳು, ಬಳಿಕ ಸಿಂಪಲ್ ಪಾಸ್ಟ್ ಮತ್ತು ಅದರ ನಿಷೇಧ, ಪ್ರಶ್ನೆಗಳನ್ನು ಪ್ರತಿ ಹಂತದಲ್ಲೂ ಜೊತೆಜೊತೆಗೆ, ಆಮೇಲೆ 'ವಿಲ್', 'ಕ್ಯಾನ್', 'ಶುಡ್', ಕೊನೆಯಲ್ಲಿ ಪರ್ಫೆಕ್ಟ್ ರೂಪಗಳು. 'ನಿನ್ನೆ ಬಂದ ಹುಡುಗ' ಎಂಬಂಥ ವಿಶೇಷಣ ವಾಕ್ಯಗಳು, ಪ್ಯಾಸಿವ್, ರಿಪೋರ್ಟೆಡ್ ಸ್ಪೀಚ್ ಇವೆಲ್ಲ ಅದಾದ ಮೇಲೆ ಬರಲಿ.

ಒಂದು ಗಂಟೆಯನ್ನು ಬಳಸುವ ಬಗೆ

ಮೊದಲ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಸುಮ್ಮನೆ ಮಾತುಕತೆ, ಹಿಂದಿನ ಪಾಠದ ಅಂಶ ಅದರಲ್ಲಿ ಸಹಜವಾಗಿ ಬರುವಂತೆ. ಮುಂದಿನ ಹದಿನೈದು ನಿಮಿಷ ಹೊಸ ಅಂಶವನ್ನು ಕಂಡುಕೊಳ್ಳುವ ಕೆಲಸ: ಆರು ವಾಕ್ಯಗಳನ್ನು ಕೊಟ್ಟು, ಅವುಗಳಲ್ಲಿ ಏನು ಬದಲಾಗಿದೆ ಎಂದು ಕಲಿಯುವವರೇ ಹೇಳಲಿ, ನಿಯಮವನ್ನು ಅವರ ಮಾತಿನಲ್ಲಿಯೇ, ಕನ್ನಡದಲ್ಲಾದರೂ ಸರಿ, ಬರೆದುಕೊಳ್ಳಲಿ. ಸುಮಾರು ಇಪ್ಪತ್ತು ನಿಮಿಷ ಹಿಡಿತದೊಳಗಿನ ಅಭ್ಯಾಸ. ಉಳಿದ ಹೊತ್ತು, ಆ ಅಂಶವಿಲ್ಲದೆ ಮುಗಿಸಲಾಗದಂಥ ಒಂದು ನಿಜವಾದ ಕೆಲಸ. ಈ ಕೊನೆಯ ಭಾಗವನ್ನು ಸಮಯ ಸಾಲದೆಂದು ಕೈಬಿಡಬಾರದು. ಸಾಲದಿದ್ದರೆ ನಿಯಮದ ವಿವರಣೆಯನ್ನು ಕಡಿಮೆ ಮಾಡಿ.

ಈ ವಿಷಯದಲ್ಲಿ ನಮ್ಮ ನಾಡೇ ಜಗತ್ತಿಗೆ ದಾರಿ ತೋರಿಸಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾದ ಪ್ರಯೋಗದಲ್ಲಿ ಮಕ್ಕಳು ವೇಳಾಪಟ್ಟಿ, ನಕ್ಷೆಗಳನ್ನು ಬಳಸಿ ಸಮಸ್ಯೆ ಬಿಡಿಸುತ್ತ ಭಾಷೆ ಕಲಿತರು. ನೀವೂ ಹುಬ್ಬಳ್ಳಿಯ ರೈಲುಗಳ ವೇಳಾಪಟ್ಟಿಯನ್ನು ಮುಂದಿಟ್ಟು, ಗದಗಿನಿಂದ ಹೊರಟು ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಬೆಂಗಳೂರಿಗೆ ಬೆಳಗಿನ ಹೊತ್ತಿಗೆ ಮುಟ್ಟುವುದು ಹೇಗೆಂದು ಕೇಳಬಹುದು. ನೀವು ವಿಚಾರಣೆಯ ಕೌಂಟರಿನಲ್ಲಿರಿ, ವೇಳಾಪಟ್ಟಿ ನಿಮ್ಮ ಕೈಯಲ್ಲಿರಲಿ, ಪ್ರಶ್ನೆ ಕೇಳುವ ಹೊಣೆ ಅವರದಾಗಿರಲಿ. 'ಡಸ್ ದಿಸ್ ಟ್ರೇನ್ ಸ್ಟಾಪ್ ಅಟ್ ಹಾವೇರಿ?' ಎಂಬುದು ಆಗ ಅಭ್ಯಾಸಕ್ಕಾಗಿ ಕಟ್ಟಿದ ವಾಕ್ಯವಾಗಿ ಉಳಿಯುವುದಿಲ್ಲ.

ಪಾಠದಲ್ಲಿ ಕನ್ನಡ ಬಳಸಲು ಹಿಂಜರಿಯಬೇಡಿ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು, ಗದಗಿನ ಕೀರ್ತಿನಾಥ ಕುರ್ತಕೋಟಿಯವರು ಇಂಗ್ಲಿಷ್ ಕಲಿಸುವುದನ್ನು ವೃತ್ತಿಯಾಗಿಸಿಕೊಂಡು ಕನ್ನಡದಲ್ಲಿ ಬರೆದ ಸೀಮೆ ಇದು; ಎರಡು ಭಾಷೆಗಳು ಒಂದೇ ತಲೆಯಲ್ಲಿ ಗೌರವದಿಂದ ಇರಬಲ್ಲವೆಂಬುದಕ್ಕೆ ಇಲ್ಲಿ ಸಾಕ್ಷ್ಯ ಬೇಕಿಲ್ಲ. ವಿವರಣೆಗೆ ಕನ್ನಡ, ಅಭ್ಯಾಸಕ್ಕೆ ಇಂಗ್ಲಿಷ್ ಎಂದು ಗೆರೆ ಎಳೆದುಕೊಳ್ಳಿ.

ತಿದ್ದುವ ರೀತಿ

ಆ ವಾರದ ಅಂಶಕ್ಕೆ ಸೇರಿದ ತಪ್ಪನ್ನು ಮಾತ್ರ ತಿದ್ದಿ. ತಿದ್ದುವಾಗ ಸರಿಯಾದ ರೂಪವನ್ನು ಕೂಡಲೇ ಹೇಳಿಬಿಡಬೇಡಿ. ತಪ್ಪಾದ ಪದದವರೆಗೆ ವಾಕ್ಯವನ್ನು ಪುನರುಚ್ಚರಿಸಿ ನಿಲ್ಲಿಸಿ, ಕಾಯಿರಿ. ಐದಾರು ಸೆಕೆಂಡಿನ ಮೌನ ಕಲಿಸುವವರಿಗೆ ಬಹಳ ದೀರ್ಘವೆನಿಸುತ್ತದೆ, ಆದರೆ ಕಲಿಯುವವರು ಯೋಚಿಸುವುದು ಆ ಮೌನದಲ್ಲಿಯೇ. ಮನಸ್ಸು ತುಂಬಿ ಏನನ್ನೋ ಹೇಳುತ್ತಿರುವವರನ್ನು ನಡುವೆ ತಡೆಯಬೇಡಿ. ಗುರುತು ಹಾಕಿಕೊಂಡು, ಅವರು ಮುಗಿಸಿದ ಮೇಲೆ ಮಾತನಾಡಿ. ಎಷ್ಟೋ ಜನ ಶಾಲೆಯಲ್ಲಿ ಎಲ್ಲರೆದುರು ನಗೆಗೀಡಾಗಿ ಬಾಯಿ ಮುಚ್ಚಿಕೊಂಡವರು. ಅವರ ಉಚ್ಚಾರವನ್ನೋ ಊರಿನ ಮಾತನ್ನೋ ಹಗುರವಾಗಿ ಕಂಡರೆ ವ್ಯಾಕರಣದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಬರವಣಿಗೆಯಲ್ಲಿ ಕೆಂಪು ಶಾಯಿಯ ಉತ್ತರಗಳ ಬದಲು ಸಾಲಿನ ಅಂಚಿನಲ್ಲಿ ಒಂದು ಗೆರೆ ಹಾಕಿ. ತಪ್ಪು ಎಲ್ಲಿದೆ ಎಂದು ಅವರು ಹುಡುಕಲಿ. ಭೇಟಿಗಳ ನಡುವೆ ದಿನಕ್ಕೆ ಐದು ವಾಕ್ಯ ಬರೆಯುವುದು, ಒಂದು ನಿಮಿಷದ ಧ್ವನಿ ಸಂದೇಶ ವಾಟ್ಸಾಪಿನಲ್ಲಿ ಕಳಿಸುವುದು, ಇಷ್ಟು ಮನೆಗೆಲಸ ಸಾಕು. ತಿಂಗಳಿಗೊಮ್ಮೆ ಹೊಸ ಮಾದರಿ ತೆಗೆದುಕೊಂಡು ಹಳೆಯದರ ಪಕ್ಕದಲ್ಲಿಟ್ಟು ಎರಡನ್ನೂ ಅವರಿಗೇ ಕೇಳಿಸಿ.

ಪರೀಕ್ಷೆಗೆ ಓದುತ್ತಿರುವವರಿದ್ದರೆ

ಬ್ಯಾಂಕ್ ಮತ್ತು ಸರ್ಕಾರಿ ಪರೀಕ್ಷೆಗಳಲ್ಲಿ ಬರುವ ತಪ್ಪು ಹುಡುಕುವ ಪ್ರಶ್ನೆಗಳಿಗೆ ಬೇರೆ ದಿನವನ್ನೇ ಇಡಿ, ಮಾತಿನ ಪಾಠದೊಳಗೆ ಅದನ್ನು ಬೆರೆಸಬೇಡಿ. 'ಒನ್ ಆಫ್ ದ ಬಾಯ್ಸ್ ಈಸ್' ಎಂಬಲ್ಲಿ ಕ್ರಿಯಾಪದ 'ಒನ್'ಗೆ ಹೊಂದುವುದು, 'ನೋ ಸೂನರ್' ಬಂದರೆ 'ದ್ಯಾನ್', 'ಹಾರ್ಡ್ಲಿ' ಬಂದರೆ 'ವೆನ್' ಬರುವುದು, 'ಸುಪೀರಿಯರ್' ನಂತರ 'ಟು' ಬರುವುದು, 'ಡಿಸ್ಕಸ್' ನಂತರ 'ಅಬೌಟ್' ಬಾರದಿರುವುದು, ಇಂಥವು ಪದೇ ಪದೇ ಕೇಳಲ್ಪಡುವ ಅಂಶಗಳು. ಇಲ್ಲಿ ಉತ್ತರ ಗುರುತಿಸಿದರಷ್ಟೇ ಸಾಲದು. ಯಾವ ಪದ ತಪ್ಪು, ಏಕೆ, ಅದರ ಬದಲಿಗೆ ಏನು ಎಂಬ ಮೂರನ್ನೂ ಬರೆಯಿಸಿ, ಕಾರಣ ಹೇಳಲಾಗದ ಉತ್ತರಕ್ಕೆ ಅದು ಸರಿಯಾಗಿದ್ದರೂ ಅಂಕ ಕೊಡಬೇಡಿ. ಅಂಥ ಪ್ರಶ್ನೆಗಳನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಒಂದು ವಾರ ಬಿಟ್ಟು ಉತ್ತರ ಮುಚ್ಚಿ ಮತ್ತೆ ಬಿಡಿಸಲು ಕೊಡಿ.